ಅಂಟುವಾಳದ ನೀರು

ನಮ್ಮ ಕಾರಿನ ಗಾಜು ತೊಳೆಯುವ ನೀರಿನ ಡಬ್ಬಿಗೆ ಆ ಹಾಳು ನೀರು ಹಾಕಿದವಳು ನಾನು. ಬಸಣ್ಣ ಅಲ್ಲ. ಹೇಳಿ ಮುಗಿಸಲು ಒಂದು ಉಸಿರು ಸಾಕಿತ್ತು — ಆದರೆ ನಾನು ಇಷ್ಟು ವರ್ಷ ತೆಗೆದುಕೊಂಡೆ. ಹೇಳಬೇಕಾದ ದಿನ ಅವನು ನನ್ನ ಎದುರೇ ನಿಂತು ನನ್ನ ಮುಖ ನೋಡುತ್ತಿದ್ದ. ನಾನು ಬಾಯಿ ಬಿಟ್ಟೆ, ಬಿಡಲಿಲ್ಲ ಎಂದಲ್ಲ. ಆದರೆ ಬಂದ ಮಾತೇ ಬೇರೆ.

ನಾವು ಶಿರಸಿ ಪೇಟೆಯವರು. ನಮ್ಮನೆಯವರು ಟೆಲಿಫೋನ್ ಕಚೇರಿಯಲ್ಲಿದ್ದು ನಿವೃತ್ತರಾದವರು. ಆಮೇಲೆ ಒಂದು ಕಾರು ಕೊಂಡೆವು. ಓಡಿಸಲು ಇಬ್ಬರಿಗೂ ಬಾರದು. ನಮ್ಮ ಕಡೆ ಇದೇನು ನಗುವ ವಿಷಯವಲ್ಲ, ಎಷ್ಟೋ ಮನೆಗಳ ಎದುರು ಕಾರು ಹೀಗೇ ನಿಂತಿರುತ್ತದೆ. ಉಪನಯನ, ಮದುವೆ, ಆಸ್ಪತ್ರೆ ಎಂದಾಗ ಆ ಒಂದು ದಿನದ ಮಟ್ಟಿಗೆ ಡ್ರೈವರನ್ನು ಕರೆಯುತ್ತೇವೆ. ಯಾರನ್ನು ಕರೆಯಬೇಕೆಂಬುದು ಬಾಯಿಂದ ಬಾಯಿಗೆ ಹೋಗುವ ಸುದ್ದಿ. "ಬಸಣ್ಣನನ್ನು ಕರೆಯಿರಿ, ಹೊಟ್ಟೆಯ ನೀರು ಅಲುಗದ ಹಾಗೆ ಓಡಿಸುತ್ತಾನೆ" ಎಂದು ನನಗೆ ಹೇಳಿದ್ದು ಎದುರುಮನೆಯಾಕೆ. ನಾನು ಅದನ್ನೇ ಇನ್ನೂ ಹತ್ತು ಮನೆಗೆ ಹೇಳಿದೆ. ಅವನಿಗೆ ಅನ್ನ ಕೊಡುತ್ತಿದ್ದದ್ದು ಆ ಮಾತು.

ಬಸಣ್ಣ ಬನವಾಸಿ ಕಡೆಯ ರೈತರ ಮನೆಯವನು. ಹಣೆಗೆ ವಿಭೂತಿ, ಇಸ್ತ್ರಿ ಮಾಡಿದ ಅಂಗಿ, ಹೆಗಲ ಮೇಲೆ ಕಾರು ಒರೆಸಲೆಂದೇ ಒಂದು ಹಳದಿ ಬಟ್ಟೆ. ಬಂದವನೇ ಬಾನೆಟ್ ಎತ್ತಿ ನೋಡುತ್ತಿದ್ದ. ಎಣ್ಣೆ, ನೀರು, ಚಕ್ರದ ಗಾಳಿ — ನೋಡದೆ ಕೀಲಿ ತಿರುಗಿಸಿದ್ದು ನಾನು ಕಂಡಿಲ್ಲ. ಒಮ್ಮೆ ಮುಂದಿನ ಗಾಜಿನ ಮೇಲೆ ಎಣ್ಣೆಯ ಪೊರೆಯಂಥದ್ದು ಕಟ್ಟಿಕೊಂಡಿತ್ತು. ಅವನು ಅಡುಗೆಮನೆ ಬಾಗಿಲಿಗೆ ಬಂದು, "ಅಕ್ಕಾರ, ಒಂದ್ ಶಾಂಪೂ ಪ್ಯಾಕೆಟ್ ಇದ್ರ ಕೊಡ್ರಿ, ಡಬ್ಬಿ ನೀರಿಗೆ ಹಾಕ್ತೀನಿ. ಇಲ್ಲಂದ್ರ ಬರೇ ನೀರು ನಡೀತೈತ್ರಿ" ಎಂದ. ಮನೆಯಲ್ಲಿ ಶಾಂಪೂ ಇರಲಿಲ್ಲ. ಇರುತ್ತಲೂ ಇರಲಿಲ್ಲ, ಏಕೆಂದರೆ ನಾನು ಅಂಟುವಾಳದವಳು.

ಅದನ್ನು ಸ್ವಲ್ಪ ಹೇಳಲೇಬೇಕು. ನನ್ನ ತವರು ಸಿದ್ದಾಪುರ ತಾಲೂಕಿನ ಹೇರೂರು. ಅಲ್ಲಿಂದ ವರ್ಷಕ್ಕೊಂದು ಚೀಲ ಒಣಗಿದ ಅಂಟುವಾಳದ ಕಾಯಿ ಬರುತ್ತದೆ. ನೆನೆಸಿ ಕಿವುಚಿದರೆ ನೊರೆ. ನನ್ನ ರೇಷ್ಮೆ ಸೀರೆ, ದೇವರ ಬೆಳ್ಳಿ, ಕೊರಳ ಸರ, ತಲೆಕೂದಲು ಎಲ್ಲವೂ ಅದರಲ್ಲೇ. ನನ್ನ ಬೆಳ್ಳಿ ದೀಪದ ಹೊಳಪು ನೋಡಿ ಯಾರಾದರೂ ಕೇಳಿದರೆ ನನಗೆ ಆ ದಿನವೆಲ್ಲ ಖುಷಿ. ಸೊಕ್ಕೆಂದರೂ ಸರಿಯೇ. ಬೆಳ್ಳಿಗೆ ಆಗುವುದು ಗಾಜಿಗೆ ಆಗದೇನು ಎಂದುಕೊಂಡೆ. ಎರಡು ದಿನ ಬಿಟ್ಟು, ಬಸಣ್ಣನಿಲ್ಲದಾಗ, ಅವನು ಮಾಡುವುದನ್ನು ನೋಡಿದ್ದ ನೆನಪಿನ ಮೇಲೆ ಬಾನೆಟ್ ಎತ್ತಿ, ಡಬ್ಬಿಯ ಮುಚ್ಚಳ ತೆಗೆದು, ದಪ್ಪಗೆ ಕಿವುಚಿದ ಅಂಟುವಾಳದ ನೀರನ್ನು ಚಹಾ ಜಾಲರಿಯಲ್ಲಿ ಸೋಸಿ ಕಂಠಮಟ್ಟ ತುಂಬಿದೆ. ಯಾರಿಗೂ ಹೇಳಲಿಲ್ಲ. ಗಾಜು ಫಳಫಳ ಹೊಳೆದಾಗ ಬಸಣ್ಣ ಕೇಳಬೇಕು, ಆಗ ಹೇಳಬೇಕು — ಅಷ್ಟೇ ನನ್ನ ಆಸೆ.

ಆಮೇಲೆ ಕಾರು ಬಹಳ ದಿನ ಹೊರಗೆ ಹೋಗಲಿಲ್ಲ. ಏಪ್ರಿಲ್ ಬಿಸಿಲಲ್ಲಿ ನಿಂತೇ ಇತ್ತು. ಅಂಟುವಾಳದ ನೀರು ಒಂದು ದಿನ ಉಳಿದರೆ ಹುಳಿ ವಾಸನೆ ಬರುತ್ತದೆ, ಮೂರು ದಿನಕ್ಕೆ ಲೋಳೆಯಾಗುತ್ತದೆ. ಇದು ನನಗೆ ಗೊತ್ತಿಲ್ಲದ ವಿದ್ಯೆಯಲ್ಲ. ಬೋಗುಣಿಯಲ್ಲಿ ಉಳಿದದ್ದನ್ನು ಮಾರನೇ ದಿನ ಚೆಲ್ಲುವವಳೇ ನಾನು. ಕಾರಿನ ಡಬ್ಬಿಯೂ ಒಂದು ಪಾತ್ರೆ ಎಂದು ಮಾತ್ರ ಹೊಳೆಯಲಿಲ್ಲ. ಮೂರನೇ ದಿನಕ್ಕೆ ನಾನು ಅದನ್ನು ಹಾಕಿದ್ದನ್ನೇ ಮರೆತಿದ್ದೆ.

ಮೇ ತಿಂಗಳಲ್ಲಿ ಯಲ್ಲಾಪುರದ ಆಚೆ ಇಡಗುಂದಿಯಲ್ಲಿ ಸಂಬಂಧಿಕರ ಮನೆಯ ಉಪನಯನ. ಯಲ್ಲಾಪುರದಲ್ಲೇ ಇರುವ ನನ್ನ ಭಾವ, ಎಂದರೆ ನಮ್ಮನೆಯವರ ಅಣ್ಣ, ಹಿಂದಿನ ದಿನ ಯಾವುದೋ ಕೆಲಸಕ್ಕೆ ಶಿರಸಿಗೆ ಬಂದು ನಮ್ಮಲ್ಲೇ ಉಳಿದಿದ್ದರು. ಬೆಳಿಗ್ಗೆ ಬಸಣ್ಣ ಬಂದ. ನನ್ನ ಎದುರೇ ಬಾವಿ ನೀರು ಡಬ್ಬಿಗೆ ಸುರಿದ. ಡಬ್ಬಿ ಹೆಚ್ಚುಕಡಿಮೆ ತುಂಬೇ ಇದ್ದುದರಿಂದ ಒಂದು ಚೊಂಬೂ ಪೂರ್ತಿ ಹಿಡಿಸಲಿಲ್ಲ. ಬುಡದಲ್ಲಿ ಕಟ್ಟಿದ್ದು ಆ ಸಣ್ಣ ಬಾಯಿಯಿಂದ ಕಾಣುವಂತಿರಲಿಲ್ಲ. ಒಳಗೆ ಕೂತು ಗಾಜಿಗೆ ನೀರು ಹಾರಿಸುವ ಕಡ್ಡಿ ಎಳೆದ. ಒಳಗೆಲ್ಲೋ ಮೋಟರು ನರಳಿದ ಹಾಗೆ ಗುಂಯ್‌ಗುಟ್ಟಿತು. ಗಾಜಿನ ಬುಡದಲ್ಲಿ ಎರಡು ಹನಿ ನೀರು ಕಾಣಿಸಿ ನಿಂತಿತು.

"ನೀರು ಬರವಲ್ದು ಅಕ್ಕಾರ. ಪಂಪಿನ್ಯಾಗ ಏನೋ ಸಿಕ್ಕೈತಿ. ಪ್ಯಾಟ್ಯಾಗ ಒಂದೀಟು ತೋರಿಸ್ಕೊಂಡು ಹೋಗೂಣ್ರಿ?"

ಆಗಲಾದರೂ ನನಗೆ ನೆನಪಾಗಬೇಕಿತ್ತು. ಆಯಿತೋ ಇಲ್ಲವೋ — ನಿಜ ಹೇಳುತ್ತೇನೆ, ಇವತ್ತಿಗೂ ನನಗೆ ಖಾತ್ರಿಯಿಲ್ಲ. ಡಬ್ಬಿಯ ಕಡೆ ಒಮ್ಮೆ ನೋಡಿ ಕಣ್ಣು ತಿರುಗಿಸಿದ್ದು ಹೌದು. "ಮುಹೂರ್ತ ತಪ್ಪತ್ತೆ ಬಸಣ್ಣ. ಮಳೆ ಎಲ್ಲಿದೆ ಈಗ? ಬಂದ ಮೇಲೆ ತೋರಿಸಿದ್ರಾಯ್ತು" ಎಂದೆ. ಅವನು ಒಂದು ಬಾಟಲಿಯಲ್ಲಿ ನೀರು ತುಂಬಿ ತನ್ನ ಸೀಟಿನ ಪಕ್ಕ ಇಟ್ಟುಕೊಂಡ.

ಊಟ ಮುಗಿಸಿ ಹೊರಟಾಗ ಮೊದಲ ಮಳೆ ಒಂದು ಸುತ್ತು ಬಂದು ಹೋಗಿತ್ತು. ಭಾವನನ್ನು ಯಲ್ಲಾಪುರದಲ್ಲಿ ಇಳಿಸಿ ನಾವು ಶಿರಸಿಗೆ ಬರುವುದೆಂದಿತ್ತು. ರಸ್ತೆ ಅಗಲ ಮಾಡಲೆಂದು ಅಗೆದು ಹಾಕಿದ ಕೆಂಪು ಮಣ್ಣೆಲ್ಲ ರಾಡಿಯಾಗಿತ್ತು. ಎದುರಿಗೆ ಮರದ ನಾಟಾ ತುಂಬಿದ ಲಾರಿ. ಅದರ ಚಕ್ರ ಒಂದು ಹೊಂಡಕ್ಕೆ ಇಳಿದದ್ದೇ ತಡ, ರಾಡಿಯೆಲ್ಲ ನಮ್ಮ ಗಾಜಿಗೆ ಬಂದು ಬಡಿಯಿತು. ಬಸಣ್ಣ ವೈಪರ್ ಹಾಕಿದ. ಅದು ಸಗಣಿ ಸಾರಿಸಿದ ಹಾಗೆ ಮಣ್ಣನ್ನು ಗಾಜಿನ ತುಂಬ ಎಳೆಯಿತು. ಕಡ್ಡಿ ಎಳೆದ, ಮತ್ತೆ ಎಳೆದ. ಹಿಂದಿನ ಸೀಟಿನಲ್ಲಿದ್ದ ನನಗೆ ಆ ಟಕ್ ಟಕ್ ಸದ್ದು ಕೇಳುತ್ತಿತ್ತು. ಈ ಸಲ ಮೋಟರು ನರಳಲೂ ಇಲ್ಲ. ಹಿಂದೆ ಬಸ್ಸು ಹಾರ್ನ್ ಹಾಕುತ್ತಿತ್ತು, ಗಕ್ಕನೆ ನಿಲ್ಲಿಸುವ ಹಾಗಿರಲಿಲ್ಲ. ಅವನು ಪಕ್ಕದ ಕಿಟಕಿಯಿಂದ ತಲೆ ಹೊರಗೆ ಹಾಕಿ ನಿಧಾನಕ್ಕೆ ಎಡಕ್ಕೆ ತೆಗೆದುಕೊಂಡ. ಅಲ್ಲೊಂದು ಮೋರಿಯ ಕಟ್ಟೆ ಇತ್ತು.

ವೇಗವಿರಲಿಲ್ಲ. ಇದ್ದಿದ್ದರೆ ಇದನ್ನು ಬರೆಯಲು ನಾನೇ ಇರುತ್ತಿರಲಿಲ್ಲವೇನೋ. ನನಗೂ ನಮ್ಮನೆಯವರಿಗೂ ಏನೂ ಆಗಲಿಲ್ಲ, ಬಸಣ್ಣನ ಹಣೆ ಒಡೆಯಿತು. ಮುಂದೆ ಕೂತಿದ್ದ ಭಾವ ಬೆಲ್ಟು ಹಾಕಿರಲಿಲ್ಲ. ಅವರ ಮೊಣಕಾಲು ಚೂರಾಯಿತು. ದಿನಾ ಬೆಳಿಗ್ಗೆ ಯಲ್ಲಾಪುರ ಪೇಟೆ ಒಂದು ಸುತ್ತು ಹಾಕಿ, ನಾಲ್ಕು ಕಡೆ ಚಹಾ ಕುಡಿದು, ನಾಲ್ಕು ಕಡೆಯ ಸುದ್ದಿ ತರುತ್ತಿದ್ದ ಮನುಷ್ಯ — ಅವತ್ತಿನಿಂದ ಕೋಲು ಹಿಡಿದರು.

ಬಸಣ್ಣ ಎಲ್ಲರಿಗೂ ಒಂದೇ ಮಾತು ಹೇಳಿದ: ಗಾಜು ಕಾಣಲಿಲ್ಲ, ನೀರು ಬರಲಿಲ್ಲ. ಭಾವ ನಂಬಲಿಲ್ಲ. ನೋವಿನಲ್ಲಿದ್ದ ಮನುಷ್ಯ; ನೆಪ ಹೇಳುತ್ತಾನೆ, ಊಟದ ಮೇಲೆ ತೂಕಡಿಸಿರಬೇಕು ಎಂದರು. ನಮ್ಮನೆಯವರಿಗೆ ಅದು ಸರಿಬರಲಿಲ್ಲ. ಜೀವಮಾನವಿಡೀ ಕೆಟ್ಟ ತಂತಿ ಹುಡುಕಿಕೊಂಡು ಕಂಬ ಕಂಬ ಅಲೆದವರು ಅವರು. ಗ್ಯಾರೇಜಿನವರು ಬಂಪರು, ದೀಪ ಸರಿಮಾಡಿ ಕಾರು ತಂದು ನಿಲ್ಲಿಸಿದ್ದರು, ಪಂಪಿನ ಗೊಡವೆಗೆ ಹೋಗಿರಲಿಲ್ಲ. "ನೀರು ಬಂಜೋ ಇಲ್ಯೋ ಆನೇ ನೋಡ್ತಿ" ಎಂದು, ತಾವೇ ಪರೀಕ್ಷಿಸಲು ಬಸಣ್ಣನನ್ನು ಕರೆಸಿದರು. ಡಾಕ್ಟರಿಗೆ ಕಾಲು ತೋರಿಸಲು ಬಂದಿದ್ದ ಭಾವನನ್ನು ಅಂಗಳದ ನೆರಳಲ್ಲಿ ಕುರ್ಚಿ ಹಾಕಿ ಕೂರಿಸಿದೆವು. ಎದುರುಮನೆಯವರೂ ಬೇಲಿಗೆ ಬಂದು ನಿಂತರು. ನಮ್ಮ ಅಂಗಳವೇ ಕೋರ್ಟಾಯಿತು.

ಮೊದಲು ಕೀಲಿ ತಿರುಗಿಸಿ ಕಡ್ಡಿ ಎಳೆಯಲು ಬಸಣ್ಣನಿಗೆ ಹೇಳಿ, ನಮ್ಮನೆಯವರು ಬಾನೆಟ್ಟಿನ ಬಳಿ ಕಿವಿ ಕೊಟ್ಟು ನಿಂತರು. ಸದ್ದಿಲ್ಲ. ಸದ್ದಿದ್ದು ನೀರಿಲ್ಲದಿದ್ದರೆ ಪೈಪು ಕಟ್ಟಿರಬೇಕು. ಸದ್ದೇ ಇಲ್ಲದಿದ್ದರೆ ಕರೆಂಟು ಬರುತ್ತಿಲ್ಲ, ಇಲ್ಲ ಮೋಟರೇ ಸತ್ತಿದೆ ಎಂದು ಅಣ್ಣನಿಗೆ ಪಾಠ ಹೇಳುವಂತೆ ಹೇಳಿದರು. ಫ್ಯೂಸು ತೆಗೆದು ಬೆಳಕಿಗೆ ಹಿಡಿದು ನೋಡಿದರು — ಸರಿಯಿತ್ತು. ಡಬ್ಬಿಯ ಬುಡದಲ್ಲಿ ಬೆರಳುದ್ದದ ಪಂಪು. ಅದಕ್ಕೆ ಬರುವ ತಂತಿಯ ಕೊಂಡಿ ಬಿಡಿಸಿ ಅಲ್ಲಿಗೆ ಸಣ್ಣ ಬಲ್ಬೊಂದನ್ನು ಮುಟ್ಟಿಸಿದರು. ಬಸಣ್ಣ ಕಡ್ಡಿ ಎಳೆದ. ಬಲ್ಬು ಹೊತ್ತಿತು.

"ಕರೆಂಟು ಇಲ್ಲಿವರಿಗೂ ಬತ್ತಾ ಇದ್ದು. ಮೋಟರೇ ಸತ್ತೋಯ್ದು ಅಣ್ಣಾ. ನೀರು ಬಂಜಿಲ್ಲೆ ಹೇಳದು ಖರೆ. ಬಸಣ್ಣ ಸುಳ್ಳು ಹೇಳಿದ್ನಿಲ್ಲೆ."

ಬಸಣ್ಣ ಕಾರಿನಿಂದ ಇಳಿದು ಬಂದ. ಹಣೆಯ ಗಾಯ ಇನ್ನೂ ಹಸಿಯಾಗಿತ್ತು. "ನಾ ಹೇಳಿದ್ನೆಲ್ರಿ!" ಎಂದು ಮಗುವಿನ ಹಾಗೆ ನಕ್ಕ. ಭಾವ ಕೂಡ ಕೋಲಿನ ಮೇಲೆ ಕೈ ಸಡಿಲಿಸಿ, ಹೌದನ್ನುವ ಹಾಗೆ ತಲೆಯಾಡಿಸಿದರು. ಅಲ್ಲಿಗೇ ಬಿಟ್ಟಿದ್ದರೆ — ಬಿಡುವವರಲ್ಲ ನಮ್ಮನೆಯವರು. ಮೋಟರು ಯಾಕೆ ಸತ್ತಿತು ಎಂದು ನೋಡಬೇಕಲ್ಲ. ಕೆಳಗೊಂದು ಬೋಗುಣಿ ಇಟ್ಟು ಪಂಪನ್ನು ಡಬ್ಬಿಯಿಂದ ಎಳೆದು ತೆಗೆದರು.

ಮೊದಲು ಏನೂ ಬರಲಿಲ್ಲ. ಆಮೇಲೆ ಕಂದು ಬಣ್ಣದ ಲೋಳೆ, ನಿಧಾನಕ್ಕೆ, ತುಂಡು ತುಂಡಾಗಿ ಬೋಗುಣಿಗೆ ಇಳಿಯಿತು. ಪಂಪಿನ ಬಾಯಿಯ ಪುಟ್ಟ ಜಾಲರಿಯ ಮೇಲೆ ಅದೇ ಲೋಳೆ ಚರ್ಮದ ಹಾಗೆ ಕಟ್ಟಿಕೊಂಡಿತ್ತು. ವಾಸನೆ ಬಂತು. ಕೊಳೆತ ವಾಸನೆಯ ಅಡಿಯಲ್ಲಿ ನನ್ನ ರೇಷ್ಮೆ ಸೀರೆಯ ವಾಸನೆ, ನನ್ನ ತಲೆಯ ವಾಸನೆ.

ನಮ್ಮನೆಯವರ ಮೂಗು ನಶ್ಯ ಏರಿಸಿ ಏರಿಸಿ ಎಂದೋ ಸತ್ತಿತ್ತು, ಅವರಿಗೆ ತಿಳಿಯಲಿಲ್ಲ. ಭಾವ ದೂರದಲ್ಲಿದ್ದರು, ಬೋಗುಣಿ ಮಾತ್ರ ಕಂಡಿತು. "ಥೂ, ಎಲ್ಲಿಯ ಕೊಚ್ಚೆ ನೀರು ತುಂಬಿಟ್ಟಿದ್ನ ಇಂವ! ಗಟಾರದ್ದೇಯ ಇದು" ಎಂದರು. ಬೋಗುಣಿಯ ಮೇಲೆ ಬಗ್ಗಿದ್ದ ಬಸಣ್ಣ ತಲೆಯೆತ್ತಿದ. "ನಾ ಬಾವಿ ನೀರ ಬಿಟ್ರ ಬ್ಯಾರೆ ಹಾಕಿಲ್ರಿ. ಅಕ್ಕಾರ ಮುಂದ ಹಾಕೀನಿ" ಎಂದು ನನ್ನ ಕಡೆ ನೋಡಿದ. ಎಲ್ಲರೂ ನೋಡಿದರು. ನಮ್ಮನೆಯವರು ಕೇಳಿಯೇಬಿಟ್ಟರು: "ನೀ ಎಂತಾರು ಹಾಕಿದ್ಯನೇ ಇದಕ್ಕೆ?"

ನಾನು ಹೇಳಿದೆ — "ನೀರು ತುಂಬದು ಬಸಣ್ಣನ ಕೆಲಸ ಅಲ್ದಾ?"

ನೋಡಿ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ನೀರು ತುಂಬುವುದು ಅವನ ಕೆಲಸವೇ. ಆದರೆ ನಾನು ಆಡಿದ ಮಾತುಗಳಲ್ಲೆಲ್ಲ ಇದಕ್ಕಿಂತ ದೊಡ್ಡ ಸುಳ್ಳು ಇನ್ನೊಂದಿಲ್ಲ. ಯಾಕೆ ಹೇಳಿದೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಭಾವನ ಕಾಲಿನ ಮೇಲಿನ ಪಟ್ಟಿ ಕಣ್ಣೆದುರಿತ್ತು. ನನ್ನ ಅಂಟುವಾಳದಿಂದ ಅವರ ಕಾಲು ಹೋಯಿತು ಎಂದು ಕುಟುಂಬವೆಲ್ಲ ಆಡಿಕೊಳ್ಳುವುದು ಕಿವಿಯಲ್ಲಿ ಆಗಲೇ ಕೇಳಿಸುತ್ತಿತ್ತು. ಹೆದರಿದೆ. ಬಸಣ್ಣ ಹೊರಗಿನವನು, ನಾಳೆ ಇನ್ನೊಬ್ಬರ ಕಾರಿಗೆ ಹೋಗುತ್ತಾನೆ, ಅವನಿಗೇನಾಗುತ್ತದೆ ಎಂದುಕೊಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಾಗೆಯೇ ಅಂದುಕೊಂಡೆ.

ಬಸಣ್ಣ ನನ್ನನ್ನೇ ನೋಡುತ್ತ ನಿಂತ. ಬಯ್ಯುವ ನೋಟವಲ್ಲ ಅದು, ಏನೋ ಕಾಯುವ ಹಾಗಿತ್ತು. ಆಮೇಲೆ ಹಳದಿ ಬಟ್ಟೆ ಹೆಗಲಿಗೆ ಹಾಕಿಕೊಂಡು ಗೇಟು ತೆರೆದು ಹೋದ. ನಾನು ಬೋಗುಣಿ ಎತ್ತಿ ಹಿತ್ತಲಿಗೆ ಚೆಲ್ಲಿ ಬಂದೆ.

ಅವನಿಗೇನಾಯಿತು ಎಂದರೆ, ಹೆಸರು ಬಂತು. ಕೊಚ್ಚೆನೀರು ಬಸಣ್ಣ. ಎದುರುಮನೆಯ ಬೇಲಿಯಿಂದ ಹೊರಟದ್ದು ಶಿರಸಿ ದಾಟಿ, ಭಾವನ ಜೊತೆ ಯಲ್ಲಾಪುರಕ್ಕೂ ಹೋಯಿತು. ಗಟಾರದ ನೀರು ತುಂಬಿ ಗುದ್ದಿಸಿದವನು ಎಂದರು. ಕರೆಯುತ್ತಿದ್ದ ಮನೆಗಳು ಒಂದೊಂದಾಗಿ ಬೇರೆಯವರನ್ನು ಕರೆದವು. ನಾವೂ ಬೇರೆಯವರನ್ನೇ ಕರೆದೆವು. ಹೊಸ ಪಂಪು ಹಾಕಿಸಿದೆವು. ಅದು ಇವತ್ತಿಗೂ ಚೆನ್ನಾಗಿ ನೀರು ಹಾರಿಸುತ್ತದೆ. ಹಾರಿಸಿದಾಗೆಲ್ಲ ನಾನು ಕಿಟಕಿಯ ಹೊರಗೆ ನೋಡುತ್ತೇನೆ. ಅಂಟುವಾಳದ ಚೀಲ ಹೇರೂರಿನಿಂದ ಬರುವುದು ನಿಂತಿಲ್ಲ, ಬೇಡವೆನ್ನಲು ಕಾರಣ ಹೇಳಬೇಕಾಗುತ್ತದಲ್ಲ. ತಂದು ಇಡುತ್ತಾರೆ, ಮೂಲೆಯಲ್ಲಿ ಧೂಳು ತಿನ್ನುತ್ತದೆ. ತಲೆಗೆ ಈಗ ಶಾಂಪೂ. ಮುಚ್ಚಿಟ್ಟುಕೊಂಡು ತಿರುಗುವುದಕ್ಕೂ ಶಕ್ತಿ ಬೇಕು, ಅದು ನನ್ನಲ್ಲಿ ತೀರಿಹೋಗಿದೆ.

ಈ ತಿಂಗಳು ಭಾವನ ಮಗಳು ಫೋನ್ ಮಾಡಿದಳು. ಯಲ್ಲಾಪುರದಲ್ಲಿ ಅವಳು ಹೊಸ ಮನೆ ಕಟ್ಟಿಸಿದ್ದಾಳೆ, ಗೃಹಪ್ರವೇಶ. ನೆಂಟರನ್ನು ಕರೆತರಲು ಡ್ರೈವರುಗಳು ಬೇಕು, ಯಾರಾದರೂ ಗೊತ್ತಾ ಎಂದು ಕೇಳಿದಳು. ಹೇಗೆ ಬಂತೋ, ನನ್ನ ಬಾಯಿಂದ ಬಸಣ್ಣನ ಹೆಸರು ಬಂತು. "ಆ ಕೊಚ್ಚೆನೀರು ಬಸಣ್ಣನಾ? ಬ್ಯಾಡದೇ ಬ್ಯಾಡ ಚಿಕ್ಕಮ್ಮ, ಅಪ್ಪಯ್ಯನ ಕಾಲು ನೋಡಿದ್ದಿಲ್ಯ ನೀನು!" ಎಂದು ನಕ್ಕಳು. ಅವಳು ಅವನ ಮುಖವನ್ನೇ ಕಂಡವಳಲ್ಲ, ಹೆಸರು ಮಾತ್ರ ಕೇಳಿದವಳು. ಫೋನಿಟ್ಟವಳೇ ನಮ್ಮನೆಯವರನ್ನು ಹುಡುಕಿಕೊಂಡು ಹೋದೆ.

ಅಂಟುವಾಳದ ವಿಷಯವನ್ನೆಲ್ಲ ಅವರಿಗೆ ಹೇಳಿದೆ. ಅವರು ಬೆರಳಲ್ಲಿ ಹಿಡಿದ ನಶ್ಯವನ್ನು ಮೂಗಿಗೆ ಏರಿಸದೆ ಹಾಗೇ ಕೂತರು. "ಆನು ಅವತ್ತೇ ಕೇಳಿದ್ದಿ ಅಲ್ದನೇ?" ಎಂದು ಅಂಗಳದ ತಮ್ಮ ಪ್ರಶ್ನೆಯನ್ನು ನೆನಪಿಸಿದರು, ಅಷ್ಟೇ.

ಮೂರನೇ ದಿನ ನಾನು ಬನವಾಸಿ ಬಸ್ಸು ಹತ್ತಿದೆ. ಬಸಣ್ಣ ಈಗ ಅನಾನಸು ಲೋಡು ಮಾಡುವ ಶೆಡ್ಡಿನಲ್ಲಿದ್ದಾನೆ. ಕೈಗೆ ಗೋಣಿಬಟ್ಟೆ ಸುತ್ತಿಕೊಂಡು ಹಣ್ಣು ಆರಿಸುತ್ತಿದ್ದ. ಕೂದಲು ಬೆಳ್ಳಗಾಗಿದೆ, ಹಣೆಯಲ್ಲಿ ವಿಭೂತಿಯ ಕೆಳಗೆ ಆ ಗೆರೆ ಹಾಗೇ ಇದೆ. "ಬರ್ರಿ ಅಕ್ಕಾರ, ಕುಂದರ್ರಿ" ಎಂದು ಒಂದು ಕ್ರೇಟು ಒರೆಸಿ ಬೋರಲು ಹಾಕಿದ. ನಾನು ಕೂರಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದೆಲ್ಲ ಮರೆತುಹೋಗಿ, "ಅದು ಅಂಟುವಾಳದ ನೀರು ಬಸಣ್ಣ. ಹಾಕಿದ್ದು ನಾನು" ಎಂದೆ.

"ಗೊತ್ತೈತ್ರಿ" ಎಂದ. "ವಾಸನಿ ಬಂತಲ್ರಿ ಅವತ್ತ. ನಮ್ಮವ್ವನೂ ಅದರಾಗ ತಲಿ ತೊಳೀತಿದ್ಲು."

"ಮತ್ತೆ ಯಾಕೆ ಹೇಳಲಿಲ್ಲ ನೀನು?"

"ನಾ ಹೇಳಿದ್ರ ಯಾರ ನಂಬ್ತಿದ್ರಿ? ನೀವ ಹೇಳ್ತೀರಿ ಅಂತ ನಿಂತೆ." ಕೈಯ ಗೋಣಿಬಟ್ಟೆ ಬಿಚ್ಚಿ ಮತ್ತೆ ಸುತ್ತಿಕೊಂಡ. "ಮಗಳ ಗಂಡನ ಮನಿ ಶಿರಸ್ಯಾಗ ಐತ್ರಿ. ಅಲ್ಲಿಗೂ ಮುಟ್ಟೇತಿ ಆ ಹೆಸರ. ಅಕಿ ಅತ್ತಿದ್ಲು ಒಮ್ಮೆ. ನನಗೇನಿಲ್ರಿ, ಅನಾನಸ್ ಅದಾವು."

ನಾನು ಅತ್ತೆ. ಗೃಹಪ್ರವೇಶಕ್ಕೆ ನೀನೂ ಬಾ, ಭಾವನ ಎದುರು, ಎಲ್ಲರ ಎದುರು, ನಿನ್ನ ಪಕ್ಕದಲ್ಲೇ ನಿಂತು ಹೇಳುತ್ತೇನೆ ಎಂದೆ. ಅವನು ಒಂದು ಹಣ್ಣನ್ನು ತಿರುಗಿಸಿ ನೋಡಿ ಪಕ್ಕಕ್ಕಿಟ್ಟ.

"ಅವತ್ತ ನಾ ಬಂದು ನಿಂತಿದ್ನೆಲ್ರಿ ಅಕ್ಕಾರ. ಈ ಸಲ ನೀವೊಬ್ರ ನಿಂದರ್ರಿ."

ನಾಳೆ ಗೃಹಪ್ರವೇಶ. ನಮ್ಮನೆಯವರು ಜೊತೆಗೆ ಬರುತ್ತೇನೆ ಎಂದಿದ್ದಾರೆ, ಆದರೆ ಮಾತು ನನ್ನದೇ. ಮೊದಲ ಪಂಕ್ತಿಗೆ ಎಲೆ ಹಾಕುವ ಮೊದಲು, ಬಡಿಸುವವರೂ ಉಣ್ಣುವವರೂ ಎಲ್ಲ ಸೇರಿರುವಾಗ ಹೇಳುತ್ತೇನೆ. ಭಾವ ಏನನ್ನುತ್ತಾರೋ ಗೊತ್ತಿಲ್ಲ. ಎದುರುಮನೆಯಾಕೆಯೂ ಬರುತ್ತಾಳೆ, ಅವಳೂ ಕೇಳಲಿ. ಬಸಣ್ಣನನ್ನು ಮತ್ತೆ ಯಾರಾದರೂ ಕರೆಯುತ್ತಾರೋ ಇಲ್ಲವೋ, ಅವನು ಬರುತ್ತಾನೋ ಇಲ್ಲವೋ, ಅದು ನನ್ನ ಕೈಯಲ್ಲಿಲ್ಲ. ಅವನ ಮಗಳ ಕಿವಿಗೆ ಈ ಸುದ್ದಿ ಆ ಹೆಸರಿನಷ್ಟೇ ಬೇಗ ಮುಟ್ಟಲಿ. ಭಾವ ಜಗಲಿಯಲ್ಲಿ ಕೋಲು ಹಿಡಿದು ಕುರ್ಚಿಯಲ್ಲಿ ಕೂತಿರುತ್ತಾರೆ. ನಾನು ಅವರೆದುರು ನಿಂತಿರುತ್ತೇನೆ.